ಆರೋಪಿ ವಿಭಕ್ತಿ

ಮೂವತ್ತೆಂಟನೇ ವಯಸ್ಸಿಗೆ ಮತ್ತೆ ವ್ಯಾಕರಣ ಕಲಿಯೋ ಯೋಗ ನನ್ನ ಹಣೇಲಿ ಬರೆದಿತ್ತು ಅಂತ ಕಾಣತ್ತೆ. ಕೆಲಸದ ಮೇಲೆ ಜರ್ಮನಿಗೆ ಬಂದವನು, ಅಂಗಡೀಲಿ ಒಂದು ಬ್ರೆಡ್ ಕೇಳೋದಕ್ಕಾದ್ರೂ ಭಾಷೆ ಬೇಕಲ್ಲ ಅಂತ ಸಂಜೆ ಕ್ಲಾಸಿಗೆ ಸೇರಿದೆ. ಮೂರನೇ ವಾರಕ್ಕೇ ಎದುರಾಯ್ತು ನೋಡಿ, 'ಅಕ್ಕುಝಾಟಿಫ್'.

ಹೆದರಬೇಡಿ, ನಮ್ಮ ದ್ವಿತೀಯಾ ವಿಭಕ್ತಿಯೇ ಅದು. ಉ, ಅನ್ನು, ಇಂದ, ಗೆ... ಅಂತ ಸ್ಕೂಲಲ್ಲಿ ರಾಗವಾಗಿ ಒಪ್ಪಿಸ್ತಿದ್ವಲ್ಲ, ಅದರಲ್ಲಿನ 'ಅನ್ನು'. ಜರ್ಮನ್ನಿನಲ್ಲಿ ಸೋದರ ಅಂದ್ರೆ 'ಡೆರ್ ಬ್ರೂಡರ್'. ಸೋದರನನ್ನು ನೋಡಿದೆ ಅನ್ನೋವಾಗ ಅದು 'ಡೆನ್ ಬ್ರೂಡರ್' ಆಗತ್ತೆ. ಏಕವಚನದಲ್ಲಿ ಈ ಬದಲಾವಣೆ ಪುಲ್ಲಿಂಗಕ್ಕೆ ಮಾತ್ರ. ಸ್ತ್ರೀಲಿಂಗದ 'ಡೀ', ನಪುಂಸಕದ 'ಡಾಸ್' ಎರಡೂ ಜಪ್ಪಯ್ಯ ಅಂದ್ರೂ ಅಲುಗಾಡಲ್ಲ.

ಜರ್ಮನ್ನಿನ ಅಕ್ಕುಝಾಟಿಫ್, ಇಂಗ್ಲಿಷಿನ ಅಕ್ಯೂಸೆಟಿವ್, ಫ್ರೆಂಚಿನ ಅಕ್ಯೂಝಾಟಿಫ್, ಸ್ಪ್ಯಾನಿಷ್ಷಿನ ಅಕುಸಾತಿವೊ... ಎಲ್ಲಾ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು. ಆ ಲ್ಯಾಟಿನ್ ಪದದ ಒಳಗಿರೋ ಕ್ರಿಯಾಪದಕ್ಕೆ 'ಆರೋಪ ಹೊರಿಸು' ಅಂತ ಅರ್ಥ. ಇಂಗ್ಲಿಷಿನ 'ಅಕ್ಯೂಸ್' ಕೂಡ ಅದೇ. ಅಂದ್ರೆ ಇದು ಆರೋಪಿ ವಿಭಕ್ತಿ! ಹಾಗಾದ್ರೆ ನಾನು ಕಾಫಿಯನ್ನು ಕುಡಿದ್ರೆ ಕಾಫಿ ಮಾಡಿದ ಅಪರಾಧವಾದ್ರೂ ಏನು? :-)

ಮನೆಗೆ ಬಂದು ಹುಡುಕ್ತಾ ಕೂತೆ. ಹೆಚ್ಚಿನ ವಿದ್ವಾಂಸರು ಹೇಳೋ ಕತೆ ಇದು. ಗ್ರೀಕರು ಈ ವಿಭಕ್ತಿಯನ್ನ 'ಐತಿಯಾತಿಕೇ' ಅಂತ ಕರೀತಿದ್ರು. ಅದರ ಮೂಲದಲ್ಲಿರೋ 'ಐತಿಯಾ' ಅನ್ನೋ ಪದಕ್ಕೆ ಎರಡು ಅರ್ಥ: ಒಂದು ಕಾರಣ, ಇನ್ನೊಂದು ದೂರು ಅಥವಾ ಆರೋಪ. ಗ್ರೀಕರ ಮನಸ್ಸಲ್ಲಿ ಇದ್ದದ್ದು ಮೊದಲನೇದು, ಕ್ರಿಯೆಯ ಕಾರಣದಿಂದ ಪರಿಣಾಮಕ್ಕೆ ಒಳಗಾದದ್ದು ಅಂತ. ರೋಮನ್ನರು ಲ್ಯಾಟಿನ್ನಿಗೆ ತರುವಾಗ ಎರಡನೇ ಅರ್ಥ ಹಿಡಿದುಬಿಟ್ರು. ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿದ್ದ ವ್ಯಾರೋ ಎಂಬ ಪಂಡಿತನ ಪುಸ್ತಕದಲ್ಲೇ ಇದು 'ಆರೋಪಿಸುವ ವಿಭಕ್ತಿ'. ಆಮೇಲೆ, ಕ್ರಿಸ್ತಶಕ 500ರ ಸುಮಾರಿಗೆ, ಪ್ರಿಸ್ಕಿಯನ್ ಅನ್ನೋ ವ್ಯಾಕರಣಕಾರ 'ಕೌಸಾಟಿವುಸ್', ಅಂದ್ರೆ ಕಾರಣಕ್ಕೆ ಸಂಬಂಧಪಟ್ಟದ್ದು, ಅನ್ನೋ ಹೆಸರನ್ನೂ ಪಕ್ಕದಲ್ಲಿ ಇಟ್ಟ. ಯಾರೂ ಕ್ಯಾರೇ ಅನ್ನಲಿಲ್ಲ. ರಷ್ಯನ್ನರಂತೂ ಆ ಅರ್ಥವನ್ನೇ ತಮ್ಮ ಭಾಷೆಗೆ ತಂದುಕೊಂಡು 'ವಿನೀತೆಲ್ನಿ' ಅಂದ್ರು. ಅವರ 'ವಿನಾ' ಅಂದ್ರೆ ತಪ್ಪು, ಅಪರಾಧ. ಎರಡು ಸಾವಿರ ವರ್ಷ ದಾಟಿದ್ರೂ ಆ ಆರೋಪ ಹಾಗೇ ಇದೆ.

ನಮ್ಮವರು ಜಾಣರು. ಒಂದನೇದು, ಎರಡನೇದು, ಮೂರನೇದು ಅಂತ ನಂಬರ್ ಕೊಟ್ಟು ಕೈ ತೊಳ್ಕೊಂಡ್ರು. ಆದ್ರೆ ಆ ಎರಡನೇದರಲ್ಲಿ ಬರೋ 'ಕರ್ಮ'ಕ್ಕೆ ಪಾಣಿನಿ ಕೊಟ್ಟ ಲಕ್ಷಣ ಏನು ಗೊತ್ತಾ? ಕರ್ತೃ ತನ್ನ ಕ್ರಿಯೆಯಿಂದ ಯಾವುದನ್ನ ಎಲ್ಲಕ್ಕಿಂತ ಹೆಚ್ಚಾಗಿ ಪಡೆಯೋಕೆ ಬಯಸ್ತಾನೋ ಅದು. ಅವರ ಕಡೆ ಆರೋಪಿ ಆಗಿದ್ದು ನಮ್ಮ ಕಡೆ ಅತಿ ಬೇಕಾದದ್ದು! ಇನ್ನೊಂದು ವಿಷಯ. ನಮ್ಮ ಮಾತಿನಲ್ಲಿ 'ನೀರು ಕುಡಿದೆ' ಅಂದ್ರೆ ಸಾಕು, ನೀರಿಗೆ 'ಅನ್ನು' ಬೇಡ. 'ತಮ್ಮ ನೋಡಿದೆ' ಅಂದ್ರೆ ಮಾತ್ರ ನಡೆಯಲ್ಲ, 'ತಮ್ಮನ್ನ ನೋಡಿದೆ' ಅನ್ನಲೇಬೇಕು. ಆದ್ರೆ ಬೈಯೋದು, ಹೊಡೆಯೋದು ಬಂದಾಗ? 'ತಮ್ಮನಿಗೆ ಬೈದ್ರು, ತಮ್ಮನಿಗೆ ಹೊಡೆದ್ರು' ಅಂತೀವಿ. ತಪ್ಪು ಹೊರಿಸೋದಾದ್ರೆ 'ತಮ್ಮನ ಮೇಲೆ'. ಕನ್ನಡದ ಆರೋಪಿ ಆರೋಪಿ ವಿಭಕ್ತಿಯಲ್ಲೇ ಇಲ್ಲ!

ಇಷ್ಟು ಬರೆದು ನಕ್ಕು ಸುಮ್ಮನಾಗಬಹುದಿತ್ತು. ಆದ್ರೆ ಉದಾಹರಣೆಗೆ ತಮ್ಮನೇ ಯಾಕೆ ಬಂದ ಅಂತ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನಾನು ಆರನೇ ಕ್ಲಾಸು, ಅವನು ಮೂರು. ಅಪ್ಪನ ರೇಡಿಯೋನ ಅಟ್ಟದ ಗೂಡಿಂದ ಇಳಿಸೋಕೆ ಹೋಗಿ ಬೀಳಿಸಿದ್ದು ನಾನು. ಯಾರೋ ಇದು ಅಂತ ಅಪ್ಪ ಕೇಳಿದಾಗ ನನ್ನ ಕೈ ತನ್ನಷ್ಟಕ್ಕೆ ತಾನೇ ತಮ್ಮನ ಕಡೆ ತೋರಿಸಿಬಿಡ್ತು. ಅವನಿಗೆ ಬಿದ್ದ ಏಟು ಬಾಗಿಲ ಸಂದಿಯಿಂದ ಎಣಿಸಿದ್ದೆ. ಅವತ್ತಿಂದ ಮನೇಲಿ ಅವನ ಹೆಸರು 'ರೇಡಿಯೋ'. ದೊಡ್ಡಮ್ಮ, ಅತ್ತೆ ಎಲ್ಲಾ ಈಗಲೂ ಹಾಗೇ ಕರೀತಾರೆ. ನನ್ನ ಮಗಳು ಹುಟ್ಟೋ ಹೊತ್ತಿಗೆ ಆ ಕತೆ ಎಲ್ಲರಿಗೂ ಮರೆತೇಹೋಗಿತ್ತು. ಚಿಕ್ಕಪ್ಪ ಬಾಯಿ ಮುಚ್ಚದೆ ಮಾತಾಡ್ತಾನೆ, ಅದಕ್ಕೇ ರೇಡಿಯೋ ಅಂತ ಅವಳು ಅಂದ್ಕೊಂಡಿದಾಳೆ. ನಾನು ತಿದ್ದಿಲ್ಲ. ತಿದ್ದೋದಕ್ಕೆ ಹೋದ್ರೆ ಪೂರ್ತಿ ಹೇಳಬೇಕಲ್ಲ.

ಕಳೆದ ಭಾನುವಾರ ಫೋನ್ ಮಾಡಿ ಅವನಿಗೇ ಹೇಳಿದೆ. ಬಾಯಿ ಮುಚ್ಚದ ನನ್ನ ತಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಗೊತ್ತಿತ್ತು ಕಣೋ ಅಣ್ಣ" ಅಂದ. "ಬೀಳಿಸಿದ್ದು ನಾನಲ್ಲ ಅಂದ್ಮೇಲೆ ಮನೇಲಿ ಇನ್ಯಾರಿದ್ರು? ನನಗೆ ಹೇಳೋದೇನೂ ಬೇಡ. ಅಪ್ಪನಿಗೆ ಒಂದು ಮಾತು ಹೇಳಿದ್ದಿದ್ರೆ ಚೆನ್ನಾಗಿರೋದು."

ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು.

ನಾಳೆ ಮತ್ತೆ ಕ್ಲಾಸಿದೆ. ಮಗಳಿಗೆ ಮಾತ್ರ ಇವತ್ತು ರಾತ್ರಿ ಊಟದ ಹೊತ್ತಲ್ಲಿ ಚಿಕ್ಕಪ್ಪನ ಹೆಸರಿನ ಕತೆ ಪೂರ್ತಿ ಹೇಳಬೇಕು ಅಂದ್ಕೊಂಡಿದೀನಿ.