ಸೂಜಿಯ ಮರೆಯ ಓದು

ಹೊಲಿಗೆ ಮತ್ತು ಓದು ಇವೆರಡನ್ನೂ ವಿರಾಮಕಾಲದ ಹವ್ಯಾಸಗಳೆಂದು ಒಂದೇ ಪಟ್ಟಿಗೆ ಸೇರಿಸುವವರು ಮಲೆನಾಡಿನ ದೊಡ್ಡ ಮನೆಗಳಲ್ಲಿ ಬಾಳಿದವರಲ್ಲವೆಂದು ಧಾರಾಳವಾಗಿ ಹೇಳಬಹುದು. ನಮ್ಮಲ್ಲಿ ಎರಡರ ಅಂತಸ್ತೂ ಬೇರೆ ಬೇರೆ. ಸೂಜಿ ಹಿಡಿದ ಹೆಂಗಸು ಕೆಲಸ ಮಾಡುತ್ತಿದ್ದಾಳೆ. ಪುಸ್ತಕ ಹಿಡಿದ ಹೆಂಗಸು ಸುಮ್ಮನೆ ಕುಳಿತಿದ್ದಾಳೆ. ಸುಮ್ಮನೆ ಕುಳಿತವಳೊಬ್ಬಳು ಕಣ್ಣಿಗೆ ಬಿದ್ದರೆ ಸಾಕು, ಅದುವರೆಗೆ ಯಾರಿಗೂ ನೆನಪಿಲ್ಲದ ಕೆಲಸಗಳೆಲ್ಲ ಮನೆಗೆ ನೆನಪಾಗುತ್ತವೆ. ಕರುವಿಗೆ ನೀರಿಟ್ಟಿಲ್ಲ, ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿಲ್ಲ, ಅಟ್ಟದ ಹಪ್ಪಳಕ್ಕೆ ಹುಳ ಬಿತ್ತೋ ಏನೋ ನೋಡಿಲ್ಲ! ಗಂಡಸರು ಹೊರಜಗಲಿಯಲ್ಲಿ ಕುಳಿತು, ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ತಲೆಬರಹದಿಂದ ಅಡಿಕೆ ಧಾರಣೆಯವರೆಗೆ ಓದಿದರೆ ಮಾತ್ರ ಅದು ಲೋಕಜ್ಞಾನ.

ನನ್ನ ತವರು ಸಿದ್ದಾಪುರದ ಕಡೆ. ಕೊಟ್ಟದ್ದು ಯಲ್ಲಾಪುರದ ಕಡೆಗೆ. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಶಿರಸಿ ಪೇಟೆಗೆ ಬಂದವಳು ಎಪ್ಪತ್ತು ದಾಟಿದರೂ ಇಲ್ಲಿಯೇ ಇದ್ದೇನೆ. ಮೂರೂ ಊರುಗಳ ಮಳೆಗಾಲ ಕಂಡಿದ್ದೇನೆ. ಆಷಾಢದ ಮಳೆ ಹಿಡಿಯಿತೆಂದರೆ ಅಂಗಳ ದಾಟುವುದಕ್ಕೂ ಕಂಬಳಿಕೊಪ್ಪೆ ಬೇಕು. ಊಟವಾಗಿ ಪಾತ್ರೆ ಬೆಳಗಿ ಮುಗಿದ ಮೇಲೆ, ಸಂಜೆಯ ಹಾಲು ಕರೆಯುವ ಹೊತ್ತಿನ ತನಕ, ಎರಡು ತಾಸು ಹೆಂಗಸರ ಪಾಲಿಗೆ ಉಳಿಯುತ್ತಿತ್ತು. ಆ ಎರಡು ತಾಸಿನಲ್ಲಿಯೇ ನಮ್ಮ ಹೊಲಿಗೆಯೂ ಓದೂ ನಡೆಯಬೇಕು.

ನಮ್ಮ ಕಡೆಯ ಮೋಹವೆಂದರೆ ಕ್ರಾಸ್ ಸ್ಟಿಚ್. ಬಟ್ಟೆಯ ಮೇಲೆ ಚಿತ್ರ ಬರೆಯುವುದಿಲ್ಲ. ಮ್ಯಾಟಿ ಬಟ್ಟೆಯ ಕಣ್ಣುಗಳನ್ನು ಎಣಿಸಿ, ಒಂದೊಂದು ಚೌಕಕ್ಕೂ ಓರೆಯಾಗಿ ಎರಡು ಎಳೆತ ಹಾಕುತ್ತ ಹೋಗುವುದು. ಮೇಲಿನ ಎಳೆತ ಎಲ್ಲ ಕಡೆಯೂ ಒಂದೇ ದಿಕ್ಕಿಗೆ ಬಾಗಿರಬೇಕು. ಒಂದು ತಪ್ಪಿದರೂ ಅಲ್ಲಿ ಹೊಳಪು ಬೇರೆಯಾಗಿ ಕಾಣುತ್ತದೆ. ದಾರದ ಲಡಿಯಲ್ಲಿ ಆರು ಎಳೆ ಕೂಡಿರುತ್ತವೆ. ಎರಡನ್ನೋ ಮೂರನ್ನೋ ಬಿಡಿಸಿಕೊಂಡು ಸೂಜಿಗೆ ಪೋಣಿಸುತ್ತಿದ್ದೆವು. ಅಗಲಕ್ಕೆ ನೂರು ಮನೆ, ಎತ್ತರಕ್ಕೆ ನೂರು ಮನೆ ಇರುವ ಒಂದು ಗಿಳಿಜೋಡಿಗೆ, ನೆಲವನ್ನೂ ತುಂಬಿಸುವುದಾದರೆ, ಹತ್ತು ಸಾವಿರ ಗುಣಿಸುಚಿಹ್ನೆ! ನಮೂನೆಗಳು ಮಕ್ಕಳ ಲೆಕ್ಕದ ಪುಸ್ತಕದ ಚೌಕುಳಿ ಹಾಳೆಗಳ ಮೇಲೆ ಮನೆಯಿಂದ ಮನೆಗೆ, ತವರಿನಿಂದ ಅತ್ತೆಮನೆಗೆ ಪ್ರಯಾಣ ಮಾಡುತ್ತಿದ್ದವು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆ ದೇವಿಯ ದರ್ಶನಕ್ಕೆ ಎಷ್ಟೋ, ದಾರ ಕೊಳ್ಳುವುದಕ್ಕೂ ಅಷ್ಟೇ.

ಧಾರವಾಡದಿಂದ ಮದುವೆಯಾಗಿ ಬಂದ ನಮ್ಮ ಚಿಕ್ಕಿಗೆ ನಮ್ಮ ಈ ಸಡಗರ ಕಂಡರೆ ನಗು. ಆಕೆಯದು ಕಸೂತಿಯ ಕೈ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಎಳೆ ಎಣಿಸಿಯೇ ಎಬ್ಬಿಸುವ ಆ ಕಲೆಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಹೊಲಿಗೆಗಳು. ನಮ್ಮ ಕ್ರಾಸ್ ಸ್ಟಿಚ್ಚೆಂದರೆ ಅದರೊಳಗಿನ ಮೆಂತೆ ಮಾತ್ರ. ಗವಂತಿಯಲ್ಲಿ ಗಂಟು ಹಾಕುವಂತಿಲ್ಲ; ಬಟ್ಟೆಯ ಎರಡು ಮಗ್ಗುಲೂ ಒಂದೇ ಸಮನಾಗಿ ಕಾಣಬೇಕು. ಚಿಕ್ಕಿ ನಮ್ಮ ಗಿಳಿಗಳನ್ನು ಮೆಚ್ಚುವ ಮುಂಚೆ ಬಟ್ಟೆ ಮಗುಚಿ ಹಿಂಬದಿ ನೋಡುತ್ತಿದ್ದಳು. ಆಮೇಲೆ ಮೆಚ್ಚುತ್ತಿರಲಿಲ್ಲ.

ನಮ್ಮನ್ನು ನಿಜವಾಗಿ ಸೋಲಿಸಿದ್ದು ಕನ್ನಡ ಲಿಪಿ. ಹೊರಬಾಗಿಲ ಮೇಲೆ ಗಾಜುಹಾಕಿಸಿ ತೂಗಿಸುವ ಸ್ವಾಗತದ ಹಲಗೆ ಬಹುಮಂದಿಯ ಮನೆಯಲ್ಲಿ ಇಂಗ್ಲಿಷಿನ ವೆಲ್‌ಕಮ್ ಆಗಿದ್ದುದು ಇಂಗ್ಲಿಷಿನ ಮೇಲಿನ ಪ್ರೀತಿಯಿಂದಲ್ಲ. ಆ ಅಕ್ಷರಗಳು ಹೆಚ್ಚಾಗಿ ನೆಟ್ಟಗೆರೆ, ಓರೆಗೆರೆಗಳು. ಚೌಕದಲ್ಲಿ ಶಿಸ್ತಾಗಿ ಕೂರುತ್ತವೆ. ನಮ್ಮ ದುಂಡಕ್ಷರಗಳನ್ನು ಚೌಕಕ್ಕೆ ಇಳಿಸಿದರೆ ಮೆಟ್ಟಿಲು ಮೆಟ್ಟಿಲಾಗುತ್ತವೆ. ಸಾಲದ್ದಕ್ಕೆ ‘ಸ್ವಾ’ದ ಒತ್ತು ಕೆಳಗಿಳಿದು ಅಂಚಿನ ಹೂಬಳ್ಳಿಯನ್ನು ತುಳಿಯುತ್ತದೆ!

ಇನ್ನು ಓದಿನ ವಿಷಯ. ಶಾಲೆಗೆ ಹೋಗುವ ಕೂಸು ಗಟ್ಟಿಯಾಗಿ ಓದುವುದು, ಉಳಿದವರು ಹೊಲಿಯುತ್ತ ಕೇಳುವುದು, ಇದು ನಮ್ಮ ಆಯಿ ಕಂಡುಹಿಡಿದ ಉಪಾಯ. ಯಾರು ಇಣುಕಿ ನೋಡಿದರೂ ಒಳಜಗಲಿಯಲ್ಲಿ ನಾಲ್ಕು ಸೂಜಿಗಳು ಆಡುತ್ತಿವೆ. ಮಗಳು ‘ಪಾಠ’ ಓದುತ್ತಿದ್ದಾಳೆ. ಪಾಠವೆಂದರೆ 1956ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ‘ಕಸ್ತೂರಿ’ಯ ಕೊನೆಗಿರುತ್ತಿದ್ದ ಪುಸ್ತಕ ವಿಭಾಗ, ಇಲ್ಲವೇ ಎಲ್ಲಿಂದಲೋ ಎರವಲು ಬಂದ ತ್ರಿವೇಣಿಯವರ ಕಾದಂಬರಿ. ‘ಶರಪಂಜರ’ ಓದಿದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಮರಳಿದ ಕಾವೇರಿಯನ್ನು ಆ ಮನೆ ಮತ್ತೆ ನಂಬದೆ ಹೋಗುವ ಭಾಗ ಬಂದಾಗ ನಾಲ್ಕು ಸೂಜಿಗಳೂ ನಿಂತುಬಿಟ್ಟವು. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಆಯಿ ಸೆರಗಿನಲ್ಲಿ ಕಣ್ಣೊತ್ತಿಕೊಂಡು, “ಮುಂದೆ ಎಂತಾ ಆತೇ ಅವ್ಳಿಗೆ?” ಎಂದಳು. ಅಂದು ಹಾಲು ಕರೆಯುವುದು ತಡವಾಯಿತು. ಕಾರಣವನ್ನು ಯಾರೂ ಯಾರಿಗೂ ಹೇಳಲಿಲ್ಲ.

ಮದುವೆಯಾಗಿ ಬಂದಾಗ ಈ ಉಪಾಯವನ್ನೂ ತವರಿನ ನಮೂನೆಗಳ ಜೊತೆಗೆ ತಂದೆ. ಆ ಮನೆಯಲ್ಲಿ ಗಂಡನ ಸೋದರತ್ತೆಯೊಬ್ಬರಿದ್ದರು. ಹುಡುಗಿಯಾಗಿದ್ದಾಗಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿ ಆಯುಷ್ಯ ಕಳೆದವರು. ಎಲ್ಲರ ಬಾಯಲ್ಲೂ ‘ಅತ್ತೆಮ್ಮ’. ಅಕ್ಷರ ಬಾರದು, ಬಣ್ಣದ ದಾರ ತನ್ನದಲ್ಲವೆಂದು ಮುಟ್ಟುತ್ತಲೂ ಇರಲಿಲ್ಲ. ನಾವು ಓದುವಾಗ ಮೂಲೆಯಲ್ಲಿ ಕುಳಿತು ದೇವರಿಗೆ ಹೂಬತ್ತಿ ಹೊಸೆಯುತ್ತಿದ್ದರು.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಪ್ರಕಟವಾದದ್ದು 1976ರಲ್ಲಿ. ಮಲೆನಾಡಿನಲ್ಲಿ ನಿಜವಾಗಿ ಬಾಳಿದ ಬಾಲವಿಧವೆಯೊಬ್ಬರ ಕಥೆ ಅದು. ಆ ಪುಸ್ತಕವನ್ನು ಅತ್ತೆಮ್ಮನ ಎದುರಿಗೆ ಓದುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆವು. ಮೂರನೆಯ ದಿನ ಓದಿದೆವು. ಅತ್ತೆಮ್ಮ ಅಳಲಿಲ್ಲ, ಬತ್ತಿ ಹೊಸೆಯುವುದನ್ನು ನಿಲ್ಲಿಸಲೂ ಇಲ್ಲ. ಪುಸ್ತಕ ಮುಗಿದ ದಿನ ಮಾತ್ರ, “ಅವ್ಳ ಹೆಸ್ರಾದ್ರೂ ಒಂದು ಪುಸ್ತಕಕ್ಕೆ ಬಂತು, ತಂಗೀ” ಎಂದು ಎದ್ದು ಹೋದರು.

ಅವರ ಹೆಸರು ನನಗೆ ಗೊತ್ತಿರಲಿಲ್ಲ. ಗಂಡನನ್ನು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ರೇಷನ್ ಕಾರ್ಡು ತೆಗೆದು ನೋಡಬೇಕಾಯಿತು. ಮೂರಕ್ಷರದ ಹೆಸರು, ಮೂರೂ ದುಂಡು. ಚೌಕುಳಿ ಹಾಳೆಯ ಮೇಲೆ ಬರೆದು, ಅಳಿಸಿ, ಮೆಟ್ಟಿಲು ಕಾಣದ ಹಾಗೆ ಅಕ್ಷರಗಳನ್ನು ದೊಡ್ಡದು ಮಾಡಿ, ಆ ಮಳೆಗಾಲ ಮುಗಿಯುವುದರೊಳಗೆ ಹೊಲಿದು ಕೊಟ್ಟೆ. ಗಿಳಿಯಿಲ್ಲ, ಹೂಬಳ್ಳಿಯಿಲ್ಲ, ಬರಿಯ ಹೆಸರು. ಅವರ ಸೀರೆಯದೇ ಕೆಂಪು. ಅತ್ತೆಮ್ಮ ಅದರ ಮೇಲೆ ಬೆರಳಾಡಿಸಿ, “ಮೊದಲನೇದು ಯಾವ್ದು?” ಎಂದು ಕೇಳಿದರು. ದಾರದ ಅಕ್ಷರ ಕೈಗೆ ತಾಕುತ್ತದಲ್ಲ. ದಿನಕ್ಕೊಂದರಂತೆ ಬೆರಳಿನಿಂದಲೇ ಮೂರನ್ನೂ ಕಲಿತರು. ನಾಲ್ಕನೆಯ ಅಕ್ಷರ ಕಲಿಯಬೇಕೆಂದು ಅವರಿಗೆ ಅನಿಸಲಿಲ್ಲ.

ಈಗ ಕಾಲ ಬದಲಾಗಿದೆಯೆಂದು ಹೇಳುವ ವಯಸ್ಸು ನನ್ನದು. ಆದರೆ ಪೂರ್ತಿ ಬದಲಾಗಿಲ್ಲ. ಬೆಂಗಳೂರಿನ ಮೊಮ್ಮಗಳು ರಜೆಗೆ ಬಂದಾಗ, ಬಟ್ಟೆ ದಾರ ನಮೂನೆಗಳೆಲ್ಲ ಒಂದೇ ಪೊಟ್ಟಣದಲ್ಲಿ ಅಂಚೆಯ ಮೂಲಕ ತರಿಸಿಕೊಂಡು, ಕಿವಿಗೆ ಫೋನಿನ ತಂತಿ ಸಿಕ್ಕಿಸಿಕೊಂಡು ಹೊಲಿಯುತ್ತಾಳೆ. ಏನು ಕೇಳುತ್ತೀಯೆಂದರೆ, ಯಾರೋ ಕಾದಂಬರಿ ಓದುತ್ತಿದ್ದಾರಂತೆ. ಆಯಿಯ ಉಪಾಯವೇ! ಒಂದೇ ವ್ಯತ್ಯಾಸ: ಅವಳಿಗೆ ಯಾರ ಮರೆಯೂ ಬೇಕಿಲ್ಲ. ಬೇಕೆನಿಸಿದರೆ ಸೂಜಿ ಕೆಳಗಿಟ್ಟು ಗಂಟೆಗಟ್ಟಲೆ ಓದುತ್ತಾಳೆ. ಅವಳು ಹಾಗೆ ಕುಳಿತುದನ್ನು ಕಂಡಾಗ ಏನಾದರೂ ಕೆಲಸ ಹೇಳೋಣವೆಂದು ನನ್ನ ನಾಲಿಗೆ ತುರಿಸುವುದುಂಟು. ಆದರೆ ಒಳಕೋಣೆಯ ಗೋಡೆಯ ಮೇಲೆ ಆ ಮೂರು ಕೆಂಪಕ್ಷರಗಳಿವೆ. ಅತ್ತ ನೋಡಿ, ಅಕ್ಕಿಯನ್ನು ನಾನೇ ನೆನೆಹಾಕುತ್ತೇನೆ.