ಡಿಸ್ಚಾರ್ಜ್ ಆದ ಮೇಲೆ

ಐಸಿಯು ಹೊರಗಿನ ವರಾಂಡದಲ್ಲಿ ಯಾರಿಗೂ ಹೆಸರಿರುವುದಿಲ್ಲ. ಬೆಡ್ಡಿನ ನಂಬರೇ ಹೆಸರು. ಸಿಸ್ಟರ್ ಬಾಗಿಲು ಅರ್ಧ ತೆಗೆದು "ಆರನೇ ಬೆಡ್ಡಿನ ಕಡೆಯೋರು ಯಾರ್ರೀ?" ಎಂದರೆ, ಚಾಪೆ ಹಾಸಿಕೊಂಡು ಮಲಗಿದ್ದ ಇಡೀ ಸಾಲು ಎದ್ದು ಕೂರುತ್ತದೆ. ಚೀಟಿ ಹಿಡಿದು ಮೆಡಿಕಲ್ಸಿಗೆ ಓಡುವಾಗ ಚೀಲ, ಫ್ಲಾಸ್ಕು, ಚಪ್ಪಲಿಗಳನ್ನು ಪಕ್ಕದವರಿಗೆ ಒಪ್ಪಿಸಿ ಹೋಗಬಹುದು, ಏನೂ ಕಳೆಯುವುದಿಲ್ಲ. ಹುಣಸೂರು ಕಡೆಯ ಒಬ್ಬ ಅಜ್ಜಿ, ಮಗನಿಗೆ ತಂದಿದ್ದ ಬುತ್ತಿಯಲ್ಲಿ ಅರ್ಧ ಮುದ್ದೆ ಮುರಿದು "ಉಣ್ಣಪ್ಪ, ನೀನ್ ಬಿದ್ರೆ ಅವ್ರನ್ನ ಯಾರ್ ನೋಡ್ತಾರೆ" ಎಂದು ನನ್ನ ಕೈಗಿಟ್ಟರು. ಅವರ ಊರಿನ ಹೆಸರನ್ನೂ ನಾನು ಕೇಳಲಿಲ್ಲ, ನನ್ನ ಜಾತಿಯನ್ನು ಅವರೂ ಕೇಳಲಿಲ್ಲ. ಅಷ್ಟು ಒಳ್ಳೆಯ ನೆರೆಹೊರೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನನ್ನಾಕೆಗೆ ಸ್ಟ್ರೋಕ್ ಆಗಿದ್ದು ಬೆಳಗಿನ ಹೊತ್ತು. ಬಾಯಿ ಒಂದು ಕಡೆ ಸೊಟ್ಟಗಾಯಿತು, ಬಲಗೈ ಏಳಲಿಲ್ಲ, ಮಾತು ತೊದಲಿತು. ನಮ್ಮ ಬೀದಿಯ ಹುಡುಗನೊಬ್ಬ ನರ್ಸಿಂಗ್ ಓದಿದವನು, ಸಿ.ಟಿ. ಸ್ಕ್ಯಾನ್ ಇರುವ ಕಡೆಗೇ ನೇರ ಕರೆದುಕೊಂಡು ಹೋಗಿ ಎಂದ. ಆ ಒಂದು ಮಾತು ನಮ್ಮನ್ನು ಕಾಪಾಡಿತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತಸ್ರಾವ ಆಗಿದ್ದರೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಕುತ್ತು. ಯಾವುದೆಂದು ಸ್ಕ್ಯಾನ್ ಮಾಡದೆ ತಿಳಿಯದು. ಲಕ್ವ ಹೊಡೆದರೆ ಪಾರಿವಾಳದ ರಕ್ತ ಹಚ್ಚಿ, ಸ್ವಲ್ಪ ಮಲಗಿಸಿ ನೋಡೋಣ ಎನ್ನುವವರು ಈಗಲೂ ಇದ್ದಾರೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಹಾಗೆ ನೋಡುತ್ತ ಕೂರುವ ಹೊತ್ತಿನಲ್ಲೇ ಮಿದುಳು ಸಾಯುತ್ತಿರುತ್ತದೆ.

ಆಸ್ಪತ್ರೆಯಲ್ಲಿ ಇರುವಷ್ಟು ದಿನ ಧೈರ್ಯವಿರುತ್ತದೆ. ಬೆಲ್ ಒತ್ತಿದರೆ ಯಾರಾದರೂ ಬರುತ್ತಾರೆ. ಡಿಸ್ಚಾರ್ಜ್ ಆಗಿ ಮನೆಯ ಬಾಗಿಲು ಹಾಕಿಕೊಂಡ ಮೇಲೆ ಇರುವುದು ನಾವಿಬ್ಬರೇ. ಕೈಲಿದ್ದ ಕಾಗದದಲ್ಲಿ ಮಾತ್ರೆಗಳ ಪಟ್ಟಿ, ಕೊನೆಗೆ ಫಿಸಿಯೋಥೆರಪಿ ಮುಂದುವರಿಸಿ ಎಂಬ ಒಂದು ಸಾಲು, ಅದೂ ಇಂಗ್ಲಿಷಿನಲ್ಲಿ. ರವಿಕೆ ತೊಡಿಸುವುದು ಹೇಗೆ ಎಂದು ಅದರಲ್ಲಿ ಬರೆದಿರಲಿಲ್ಲ. ಅದನ್ನು ಕಲಿಸಿದ್ದು ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ. "ಅಂಕಲ್, ಹಾಕುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ" ಎಂದಳು. ಇಷ್ಟೇ ಸೂತ್ರ. ಅದು ಗೊತ್ತಾದ ದಿನದಿಂದ ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಅಳು ನಿಂತಿತು. ಎಬ್ಬಿಸುವಾಗ ಆ ಕೈ ಹಿಡಿದು ಎಳೆಯಬಾರದು, ಭುಜದ ಕೀಲು ಸಡಿಲಾಗಿ ನೋವು ಖಾಯಂ ಉಳಿಯಬಹುದು. ನಡೆಸುವಾಗ ನಾವು ನಿಲ್ಲಬೇಕಾದದ್ದು ಶಕ್ತಿಯಿಲ್ಲದ ಮಗ್ಗುಲಿಗೆ. ಮಲಗಿದಲ್ಲೇ ಇರುವಷ್ಟು ದಿನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣು. ರಾತ್ರಿಯೂ ಅಷ್ಟೇ, ಅಲಾರಂ ಇಟ್ಟುಕೊಂಡು ಏಳಬೇಕು.

ಊಟದ್ದು ಬೇರೆಯೇ ಪಾಠ. ನುಂಗುವ ಶಕ್ತಿ ಕುಂದಿದವರಿಗೆ ಗಟ್ಟಿ ಪದಾರ್ಥಕ್ಕಿಂತ ನೀರೇ ಹೆಚ್ಚು ಅಪಾಯ ಎಂದು ಮೊದಲು ಕೇಳಿದಾಗ ನಂಬಲಾಗಲಿಲ್ಲ. ತೆಳ್ಳಗಿರುವುದು ಸರಕ್ಕನೆ ಜಾರಿ ಶ್ವಾಸನಾಳಕ್ಕೆ ಹೋಗಿಬಿಡುತ್ತದೆ, ಅದರಿಂದ ನ್ಯುಮೋನಿಯಾ ಬರುತ್ತದೆ. ನಮ್ಮ ರಾಗಿ ಗಂಜಿ, ಸ್ವಲ್ಪ ಮಂದವಾಗಿ ಕಾಸಿದರೆ, ಚಮಚೆಯಿಂದ ನಿಧಾನವಾಗಿ ಇಳಿಯುತ್ತದೆ. ಅದು ಅವಳಿಗೆ ಹಿಡಿಸಿತು. ನೆಟ್ಟಗೆ ಕೂರಿಸಿಯೇ ಕುಡಿಸಬೇಕು, ಆದ ಮೇಲೂ ಅರ್ಧ ಗಂಟೆ ಹಾಗೇ ಕೂರಿಸಿರಬೇಕು. ಇದನ್ನೆಲ್ಲ ಕಳಿಸಿಕೊಡುವ ಮೊದಲೇ ಒಂದು ಗಂಟೆ ಕೂರಿಸಿಕೊಂಡು, ಕನ್ನಡದಲ್ಲಿ, ಕೈ ಹಿಡಿದು ಮಾಡಿಸಿ ಕಲಿಸಿದರೆ ಆಸ್ಪತ್ರೆಗಳಿಗೆ ಎಷ್ಟು ಖರ್ಚಾದೀತು?

ನಡಿಗೆ ಬಂತು. ಕೋಲು ಹಿಡಿದು ಅಂಗಳದ ತುಳಸಿವರೆಗೆ, ಆಮೇಲೆ ಗೇಟಿನವರೆಗೆ. ಮಾತು ಮಾತ್ರ ಹಿಂದೆ ಉಳಿಯಿತು. ಬಹುಪಾಲು ಜನರಿಗೆ ಮಾತಿನ ಜಾಗ ಮಿದುಳಿನ ಎಡಭಾಗದಲ್ಲಿದೆ. ದೇಹದ ಬಲಭಾಗವನ್ನು ಆಡಿಸುವುದೂ ಆ ಕಡೆಯೇ. ಅದಕ್ಕೇ ಬಲಗೈ ಬಿದ್ದವರಿಗೆ ಅನೇಕ ಸಲ ಮಾತೂ ಹೋಗುತ್ತದೆ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ವೈದ್ಯ ಮಾತಿಗೆ ಮಿದುಳಿನಲ್ಲಿ ತನ್ನದೇ ಒಂದು ಜಾಗವಿದೆ ಎಂಬುದನ್ನು ತಿಳಿದದ್ದು, ಏನು ಕೇಳಿದರೂ 'ಟಾನ್' ಎಂದಷ್ಟೇ ಹೇಳಬಲ್ಲವನಾಗಿದ್ದ ಒಬ್ಬ ರೋಗಿಯಿಂದ. ಆ ಮನುಷ್ಯ ಇತರರ ಮಾತನ್ನು ಬಹುಮಟ್ಟಿಗೆ ಅರ್ಥ ಮಾಡಿಕೊಳ್ಳುತ್ತಿದ್ದನಂತೆ. ಅದನ್ನು ಓದಿದಾಗ ನನಗೆ ಬ್ರೋಕಾನಿಗಿಂತ ಆ ರೋಗಿಯೇ ಮನಸ್ಸಿನಲ್ಲಿ ನಿಂತ. ಒಳಗೆ ಎಲ್ಲ ತಿಳಿದೂ ಒಂದೇ ಸದ್ದಿನಲ್ಲಿ ವರ್ಷಗಟ್ಟಲೆ ಬದುಕಿದವನು.

ನಾವು ಮೈಸೂರಿನಲ್ಲಿರುವುದು ಪುಣ್ಯ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇಲ್ಲಿದೆ. ಕಿವಿ ಕೇಳದ ಮಕ್ಕಳಿಗಾಗಿ ಮಾತ್ರ ಅದು ಎಂದುಕೊಂಡವರು ಊರಿನಲ್ಲೇ ಬಹಳ ಜನ. ದೊಡ್ಡವರು ಕಳೆದುಕೊಂಡ ಮಾತಿಗೂ ಅಲ್ಲಿ ಚಿಕಿತ್ಸೆಯಿದೆ. ಅಲ್ಲಿನವರು ಕೇಳಿದ ಮೊದಲ ಪ್ರಶ್ನೆ, "ಅಮ್ಮ ಹಾಡ್ತಿದ್ರಾ?" ಹಾಡುತ್ತಿದ್ದಳು, ಪ್ರತಿ ಶುಕ್ರವಾರ, ದಾಸರ ಪದ. ಶುರು ಮಾಡಿ ನೋಡಿ ಎಂದರು. ನಾನು ಪಲ್ಲವಿ ಎತ್ತಿದೆ. 'ನೀರು' ಎನ್ನಲು ಬಾರದವಳು ಮುಂದಿನ ಸಾಲನ್ನು ಪದ ಬಿಡದೆ ಹಾಡಿದಳು. ರಾಗಕ್ಕೆ ಮಿದುಳಿನ ಬಲಭಾಗದ ಆಸರೆಯೂ ಇದೆ, ಬಾಯಿಪಾಠವಾದದ್ದು ಬೇರೆ ದಾರಿಯಿಂದ ಹೊರಬರುತ್ತದೆ ಎಂದು ವಿವರಿಸಿದರು. ನನಗೆ ಆಗ ವಿವರಣೆ ಕಿವಿಗೆ ಬೀಳುತ್ತಿರಲಿಲ್ಲ.

ಈಗ ನಮ್ಮ ಅಭ್ಯಾಸವೆಲ್ಲ ಅಡುಗೆಮನೆಯಲ್ಲಿ. ಅವಳು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ನಾನು ಒಗ್ಗರಣೆ ಡಬ್ಬಿ ಎತ್ತಿ ತೋರಿಸುತ್ತೇನೆ. ಸಾಸಿವೆಗೆ "ಜೀರಿಗೆ" ಎನ್ನುತ್ತಾಳೆ, ತಪ್ಪೆಂದು ತಕ್ಷಣ ಅವಳಿಗೇ ಗೊತ್ತಾಗುತ್ತದೆ, ಎಡಗೈ ಅಲ್ಲಾಡಿಸುತ್ತಾಳೆ, ತುಟಿ ಕೂಡಿಸಿ ಮತ್ತೆ ಹುಡುಕುತ್ತಾಳೆ. "ಸಾ..." ಬಂತು. ಆಗ ಬಾಯಿ ಹಾಕಬಾರದು. ಒಲೆ ಸಣ್ಣ ಮಾಡಿ ನಿಲ್ಲಬೇಕು. "ಸಾಸಿವೆ" ಎನ್ನುವ ಹೊತ್ತಿಗೆ ಎಣ್ಣೆ ಕಾಯ್ದಿರುತ್ತದೆ. ಹುಳಿಪುಡಿ ಎಷ್ಟು ಹಾಕಬೇಕೆಂಬುದಕ್ಕೆ ಮಾತೇ ಬೇಡ. ಸಾಕಾದಾಗ ಅವಳ ಎಡಮುಷ್ಟಿ ಮೇಲೇಳುತ್ತದೆ, ಅಡುಗೆ ಅವಳದೇ ರುಚಿಗೆ ಬರುತ್ತದೆ. ಮೊನ್ನೆ ನಾನು ಉಪ್ಪು ಡಬ್ಬಿ ತೆಗೆಯುವ ಮುಂಚೆಯೇ "ರೀ, ಉಪ್ಪು" ಎಂದಳು. ಯಾರೂ ಕೇಳದೆ, ತಾನಾಗಿ. ನಾನು ಒಲೆ ಆರಿಸಿ ಪಕ್ಕದ ಮನೆಯವರಿಗೆ ಹೇಳಿಬರಲು ಹೋದೆ.

ಮನೆಗೆ ಬರುವವರ ವಿಚಾರ ಒಂದು ಹೇಳಲೇಬೇಕು. ಎಲ್ಲರೂ ಒಳ್ಳೆಯವರೇ, ಹಣ್ಣು, ಹಾರ್ಲಿಕ್ಸ್ ತರುತ್ತಾರೆ. ಆದರೆ ಅವಳ ಮುಂದೆ ಕೂತು ನನ್ನನ್ನು ಕೇಳುತ್ತಾರೆ: "ಹೇಗಿದಾರೆ? ಗೊತ್ತಾಗತ್ತಾ?" ಗೊತ್ತಾಗುತ್ತದೆ. ಅವಳಿಗೆ ಎಲ್ಲವೂ ಗೊತ್ತಾಗುತ್ತದೆ, ಆ ಪ್ರಶ್ನೆಯೂ. ಕಣ್ಣು ತುಂಬಿಕೊಂಡು ಮುಖ ತಿರುಗಿಸುವುದನ್ನು ನಾನು ನೋಡಿದ್ದೇನೆ.

ನಿಮ್ಮ ನೆಂಟರಿಷ್ಟರಲ್ಲಿ ಇಂಥವರಿದ್ದರೆ ದಯವಿಟ್ಟು ಅವರನ್ನೇ ಮಾತಾಡಿಸಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಟಿ.ವಿ. ಆರಿಸಿ, ಉತ್ತರ ಬರುವವರೆಗೆ ಕಾಯಿರಿ. ಕೈಲಾದರೆ ಒಂದು ಗಂಟೆ ಅಲ್ಲೇ ಕೂತಿರಿ, ನೋಡಿಕೊಳ್ಳುವವರು ಬ್ಯಾಂಕಿಗೋ ಕಟಿಂಗಿಗೋ ಹೋಗಿ ಬರಲಿ. ಬರುವುದಿದ್ದರೆ ಬೆಳಗ್ಗೆ ಹತ್ತರ ಸುಮಾರಿಗೆ ಬನ್ನಿ. ಸಂಜೆಯ ಹೊತ್ತಿಗೆ ಅವರಿಗೆ ದಣಿವಾಗಿ ಮಾತು ಇನ್ನೂ ಕಷ್ಟವಾಗುತ್ತದೆ.