ಕೆರೆಯಂಗಳದಲ್ಲಿ ಮನೆ ಹುಡುಕುತ್ತ

ಧಾರವಾಡದ ಬಸ್ಸು ಬೆಳಗಿನ 5ಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿಸಿತು. ಇದು ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆಯಿತ್ತು. ಪಿಎಚ್.ಡಿ.ಗಾಗಿ ಹಳೆಯ ನಕ್ಷೆಗಳಲ್ಲಿ ಕೆರೆ ಹುಡುಕುವ ನನಗೆ ಬೆಂಗಳೂರು ಗೊತ್ತು ಎಂದುಕೊಂಡಿದ್ದೆ.

ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಒಂದು ವರ್ಷದ ಕೆಲಸವಿದೆ. 3 ದಿನದಲ್ಲಿ 11 ಮನೆ ನೋಡಿದೆ. ಎಲ್ಲರೂ 10 ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳಿದರು. ಫೆಲೋಶಿಪ್ ಬಾರದೆ 4 ತಿಂಗಳಾಗಿತ್ತು. ಕೊನೆಗೊಬ್ಬ ಅಜ್ಜಿ ಅರ್ಧಕ್ಕಿಳಿಸಿ, "ನಿಮ್ಮಲ್ಲಿ ಊಟ ಏನಮ್ಮಾ?" ಎಂದರು. ಕೇಳಿದ್ದು ಊಟವನ್ನಲ್ಲ.

"ಎಲ್ಲಾ ತಿಂತೀವ್ರೀ."

ಬೀಗದ ಕೈ ಸೆರಗಿನ ಗಂಟಿಗೆ ಮರಳಿತು.

ರಾತ್ರಿ ಫೋನಿನಲ್ಲಿ ಅವ್ವ, "ಒಂದ್ ಸುಳ್ಳು ಹೇಳಬೇಕಿತ್ತಿಲ್ಲವಾ?" ಎಂದಳು.

"ಒಂದs ಅಲ್ಲವ್ವಾ, ವರ್ಷಪೂರ್ತಿ ದಿನಾ ಹೇಳಬೇಕಾಗ್ತದ."

ಅವ್ವ ಸುಮ್ಮನಾದಳು. ನಾಳೆ 12ನೆಯ ಮನೆ.